ಒಳಗೆ ಕುಳಿತವರ ಉಸಿರು: ಜಾನ್ ಸ್ಕಾಟ್ ಹಾಲ್ಡೇನ್ (1860–1936)

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ ನನಗೆ ಮೊದಲು ಹೊಳೆದದ್ದು ಸರ್ ಸಿ.ವಿ. ರಾಮನ್ ಅವರ ಹೆಸರು. ವಿಚಾರಿಸಿದರೆ ಅದನ್ನು ಆಗಲೇ ಇನ್ನೊಬ್ಬರು ಒಪ್ಪಿಕೊಂಡಿದ್ದರು. ವಿಶ್ವೇಶ್ವರಯ್ಯನವರನ್ನು ಮತ್ತೊಬ್ಬರು. ಹಾಗೆ ಯೋಚಿಸುತ್ತಿದ್ದ ದಿನಗಳಲ್ಲೇ, ದಸರಾ ರಜೆಗೆ ಊರಿಗೆ ಬಂದಿದ್ದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ನೋಡಲು ಮನೆಗೆ ಬಂದ. ಒಂಬತ್ತನೆಯ ತರಗತಿಯಲ್ಲಿ ಸೈಕಲ್ ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಬಾಯ್ಲನ ನಿಯಮ ತೋರಿಸುವಾಗ, ಪಂಪು ಹಿಡಿಯಲು ನಾನು ಯಾವಾಗಲೂ ಕರೆಯುತ್ತಿದ್ದ ಹುಡುಗ ಅವನು. ಹೆಸರು ಹಾಕುವುದು ಬೇಡವೆಂದಿದ್ದಾನೆ, ಹಾಕುವುದಿಲ್ಲ. ನರ್ಸಿಂಗ್ ಓದಿ ಈಗ ದೊಡ್ಡ ಊರೊಂದರ ಆಸ್ಪತ್ರೆಯಲ್ಲಿ ಹೈಪರ್‌ಬೇರಿಕ್ ಚೇಂಬರಿನಲ್ಲಿ ಅಟೆಂಡೆಂಟ್ ಆಗಿದ್ದಾನೆ.

ಹೈಪರ್‌ಬೇರಿಕ್ ಚೇಂಬರ್ ಎಂದರೆ ದಪ್ಪ ಉಕ್ಕಿನ ಗೋಡೆಯ, ಗಾಳಿ ಸೋರದಂತೆ ಮುಚ್ಚುವ ಬಾಗಿಲಿನ ಒಂದು ಕೋಣೆ. ರೋಗಿಗಳನ್ನು ಒಳಗೆ ಕೂರಿಸಿ, ಒಳಗಿನ ಗಾಳಿಯ ಒತ್ತಡವನ್ನು ಹೊರಗಿನ ವಾಯುಭಾರದ ಎರಡು, ಎರಡೂವರೆ ಪಟ್ಟಿನವರೆಗೆ ಏರಿಸಿ, ಮಾಸ್ಕಿನ ಮೂಲಕ ಅವರಿಗೆ ಶುದ್ಧ ಆಮ್ಲಜನಕ ಕೊಡುತ್ತಾರೆ. ಸಕ್ಕರೆ ಕಾಯಿಲೆಯವರ ಕಾಲಿನ ಮಾಯದ ಹುಣ್ಣು, ಕ್ಯಾನ್ಸರಿಗೆ ರೇಡಿಯೇಷನ್ ಕೊಟ್ಟ ಜಾಗದ ಗಾಯ, ಹೊಗೆ ಕುಡಿದು ಪ್ರಜ್ಞೆ ತಪ್ಪಿದವರು, ಹೀಗೆ ಹಲವು ತೊಂದರೆಗಳಿಗೆ ಈ ಚಿಕಿತ್ಸೆ ಉಂಟು. ಹಲವು ರೋಗಿಗಳು ಒಟ್ಟಿಗೆ ಕೂರುವ ದೊಡ್ಡ ಚೇಂಬರಾದರೆ ಅವರ ಜೊತೆಗೆ ಸಿಬ್ಬಂದಿಯೊಬ್ಬ ಒಳಗೆ ಇರಲೇಬೇಕು. ನನ್ನ ಶಿಷ್ಯನ ಕೆಲಸ ಅದೇ.

ಅವನು ಕಾಫಿ ಕುಡಿಯುತ್ತಾ ಒಂದು ಪ್ರಶ್ನೆ ಕೇಳಿದ. ರೋಗಿ ಇಪ್ಪತ್ತು ಮೂವತ್ತು ಸಲ ಒಳಗೆ ಬಂದು, ವಾಸಿ ಮಾಡಿಕೊಂಡು ಮನೆಗೆ ಹೋಗುತ್ತಾನೆ. ನಾನು ವರ್ಷವಿಡೀ ಒಳಗೆ ಹೋಗಿ ಬರುತ್ತೇನೆ. ನನ್ನ ಎದೆಗೆ ಏನಾಗುತ್ತದೆ ಸಾರ್ ಎಂದ. ಅವನ ತಾತ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದವರು, ಕೊನೆಯ ವರ್ಷಗಳಲ್ಲಿ ಜಗಲಿಯ ಮೇಲೆ ಕೂತು ಕೆಮ್ಮುತ್ತಲೇ ತೀರಿಕೊಂಡವರು. ಅದನ್ನು ಕಣ್ಣಾರೆ ಕಂಡ ಮನೆಯ ಹುಡುಗ ಕೇಳುವ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಲು ನನಗೆ ಮನಸ್ಸು ಬರಲಿಲ್ಲ. ಓದಿ ಹೇಳುತ್ತೇನೆ ಎಂದೆ. ಓದುತ್ತಾ ಹೋದಂತೆ ಎಲ್ಲ ದಾರಿಗಳೂ ಒಬ್ಬರೇ ವ್ಯಕ್ತಿಯ ಮನೆಯ ಬಾಗಿಲಿಗೆ ಬಂದು ನಿಂತವು. ಅವರೇ ಜಾನ್ ಸ್ಕಾಟ್ ಹಾಲ್ಡೇನ್.

ಹಾಲ್ಡೇನರು 1860ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದರು. ಅನುಕೂಲಸ್ಥ ಮನೆತನ. ಅಣ್ಣ ರಿಚರ್ಡ್ ವಕೀಲಿಯಲ್ಲಿ ಮುಂದೆ ಬಂದು ಬ್ರಿಟನ್ನಿನ ಲಾರ್ಡ್ ಚಾನ್ಸಲರ್ ಆದರು. ತಮ್ಮ ಮಾತ್ರ ಎಡಿನ್‌ಬರೋದಲ್ಲಿ 1884ರಲ್ಲಿ ವೈದ್ಯಕೀಯ ಪದವಿ ಪಡೆದರೂ ರೋಗಿಗಳ ನಾಡಿ ಹಿಡಿದು ಕೂರಲಿಲ್ಲ. ಅವರಿಗೆ ಹತ್ತಿದ ಗೀಳು ಗಾಳಿಯದು: ಮನುಷ್ಯ ಉಸಿರಾಡುವ ಗಾಳಿಯಲ್ಲಿ ಏನಿದೆ, ಅದು ಅವನಿಗೆ ಏನು ಮಾಡುತ್ತದೆ.

ಮೊದಲ ದೊಡ್ಡ ಕೆಲಸ ನಡೆದದ್ದು ಡಂಡೀ ನಗರದಲ್ಲಿ. ಸೆಣಬಿನ ಗಿರಣಿಗಳ ಊರದು. ಬಂಗಾಳದ ಸೆಣಬು ಹಡಗಿನಲ್ಲಿ ಹೋಗಿ ಇಳಿಯುತ್ತಿದ್ದದ್ದೂ ಅಲ್ಲಿಗೇ. ಗಿರಣಿ ಕೂಲಿಯವರ ಒಂದೇ ಕೋಣೆಯ ಮನೆಗಳಿಗೆ, ಎಲ್ಲರೂ ಮಲಗಿರುವ ಹೊತ್ತಿನಲ್ಲಿ, ಗಾಜಿನ ಸೀಸೆಗಳನ್ನು ಹಿಡಿದು ಹೋಗಿ ಅಲ್ಲಿನ ಗಾಳಿಯನ್ನು ತುಂಬಿ ತಂದು ಪರೀಕ್ಷಿಸಿದರು. ಶಾಲೆಗಳಿಗೂ ಹೋದರು. ತರಗತಿಯ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು, ಸೂಕ್ಷ್ಮಜೀವಿಗಳೆಷ್ಟು ಎಂದು ಲೆಕ್ಕ ಹಾಕಿದರು. ಕಾರ್ನೆಲಿ ಮತ್ತು ಆಂಡರ್ಸನ್ ಎಂಬ ಇಬ್ಬರ ಜೊತೆಗೂಡಿ ಅವರು ಇದನ್ನು ಪ್ರಕಟಿಸಿದ್ದು 1887ರಲ್ಲಿ. ನಮ್ಮ ಶಾಲೆಯ ಹಳೆಯ ಕಟ್ಟಡದಲ್ಲಿ ಒಂದೇ ಕೋಣೆಗೆ ಎಂಬತ್ತು ಮಕ್ಕಳನ್ನು ತುಂಬಿ, ಮಳೆ ಬಂದರೆ ಕಿಟಕಿ ಮುಚ್ಚಿ, ಮೂರನೆಯ ಪೀರಿಯಡ್ಡಿಗೆ ಅರ್ಧ ತರಗತಿ ತೂಕಡಿಸುತ್ತಿದ್ದುದನ್ನು ಕಂಡವನು ನಾನು. ಆ ತೂಕಡಿಕೆಗೆ ನನ್ನ ಪಾಠವೊಂದೇ ಕಾರಣವಲ್ಲ ಎಂದು ಹಾಲ್ಡೇನರನ್ನು ಓದಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಆಮೇಲೆ ಅವರು ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಅವರ ಸೋದರಮಾವ ಬರ್ಡನ್ ಸ್ಯಾಂಡರ್ಸನ್ ಶರೀರವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಆಕ್ಸ್‌ಫರ್ಡಿನಲ್ಲಿ ಹಾಲ್ಡೇನರು ಗಾಳಿ ಹೋಗದ ಪೆಟ್ಟಿಗೆಯೊಂದನ್ನು ಮಾಡಿಸಿ, ತಾವೇ ಒಳಗೆ ಕುಳಿತು ಬಾಗಿಲು ಮುಚ್ಚಿಸಿಕೊಳ್ಳುತ್ತಿದ್ದರು. ತಾವು ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತಾ, ಏದುಸಿರು ಯಾವಾಗ ಶುರುವಾಯಿತು, ತಲೆನೋವು ಯಾವಾಗ ಬಂತು ಎಂದು ಗುರುತು ಹಾಕಿಕೊಳ್ಳುವುದು. ಈ ಕೆಲಸದಲ್ಲಿ ಅವರ ಜೊತೆಗಿದ್ದವರು ಜೇಮ್ಸ್ ಲಾರೇನ್ ಸ್ಮಿತ್. ಈ ಹೆಸರು ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

1895ರಲ್ಲಿ ಅವರು ಮಾಡಿದ ಒಂದು ಪ್ರಯೋಗ ಇಂದಿನ ಹೈಪರ್‌ಬೇರಿಕ್ ಚಿಕಿತ್ಸೆಯ ಬೇರುಗಳಲ್ಲಿ ಒಂದು. ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟು ಇದನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಮ್ಲಜನಕ ಹೊರುವ ಬಂಡಿಗಳೆಲ್ಲ ಬೇರೆ ಸರಕು ತುಂಬಿಕೊಂಡು ಹೊರಟಂತೆ. ಹಾಲ್ಡೇನರು ಒಂದು ಇಲಿಯನ್ನು ಎರಡು ವಾಯುಭಾರದ ಒತ್ತಡದ ಆಮ್ಲಜನಕದಲ್ಲಿ ಇಟ್ಟು, ಅದರ ಜೊತೆಗೆ ಈ ವಿಷಾನಿಲವನ್ನೂ ಧಾರಾಳವಾಗಿ ಸೇರಿಸಿದರು. ಇಲಿ ಸಾಯಲಿಲ್ಲ. ಹಿಮೋಗ್ಲೋಬಿನ್ ಕೆಲಸಕ್ಕೆ ಬಾರದಂತಾಗಿದ್ದರೂ, ಒತ್ತಡದಿಂದಾಗಿ ರಕ್ತದ ನೀರಿನ ಭಾಗದಲ್ಲೇ ಜೀವ ಉಳಿಸುವಷ್ಟು ಆಮ್ಲಜನಕ ಕರಗಿತ್ತು. ಇಂದು ಹೊಗೆ ಕುಡಿದು ಬಿದ್ದವನನ್ನು ಚೇಂಬರಿಗೆ ತರುವುದು ಆ ಇಲಿ ಕಲಿಸಿದ ಪಾಠದ ಮೇಲೆಯೇ.

ಅದೇ ವಿಷಾನಿಲವನ್ನು ಅವರು ತಮ್ಮ ಮೇಲೆಯೂ ಪ್ರಯೋಗಿಸಿಕೊಂಡರು, ತಮ್ಮ ರಕ್ತದ ಅರ್ಧಕ್ಕಿಂತ ಹೆಚ್ಚು ಹಿಮೋಗ್ಲೋಬಿನ್ ಅದರಿಂದ ತುಂಬುವವರೆಗೆ. ಅಷ್ಟರಲ್ಲಿ ನೆಟ್ಟಗೆ ನಡೆಯಲು ಆಗುತ್ತಿರಲಿಲ್ಲವಂತೆ. ಹುಚ್ಚು ಸಾಹಸವೆಂದು ನಾವು ಹೇಳಬಹುದು. ಆದರೆ ಮರುವರ್ಷವೇ ಅದರ ಬೆಲೆ ತಿಳಿಯಿತು. 1896ರ ಜನವರಿಯಲ್ಲಿ ವೇಲ್ಸಿನ ಟೈಲರ್ಸ್‌ಟೌನ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 57 ಜನ ಸತ್ತರು. ಹಾಲ್ಡೇನರು ಅಲ್ಲಿಗೆ ಹೋಗಿ ಶವಗಳನ್ನು ಪರೀಕ್ಷಿಸಿದರು. ಸ್ಫೋಟದ ಪೆಟ್ಟಿಗೆ ಸತ್ತವರು ಕೆಲವರೇ. ಬಹುಪಾಲು ಜನ ಸ್ಫೋಟದ ನಂತರ ಸುರಂಗಗಳಲ್ಲಿ ಹರಡಿದ ಮಾನಾಕ್ಸೈಡಿನಿಂದ ಸತ್ತಿದ್ದರು. ಎಂದರೆ, ಗಾಳಿ ಕೆಟ್ಟಿದೆಯೆಂದು ಮೊದಲೇ ತಿಳಿದಿದ್ದರೆ ಹಲವರು ಬದುಕುತ್ತಿದ್ದರು. ಗಣಿಗೆ ಇಲಿಯನ್ನೋ ಸಣ್ಣ ಹಕ್ಕಿಯನ್ನೋ ಒಯ್ಯಿರಿ ಎಂದು ಅವರು ಸಲಹೆ ಕೊಟ್ಟದ್ದು ಈ ಕಾರಣಕ್ಕೆ. ಸಣ್ಣ ಪ್ರಾಣಿಯ ಉಸಿರಾಟ ಚುರುಕು, ವಿಷ ಅದಕ್ಕೆ ಮನುಷ್ಯನಿಗಿಂತ ಬೇಗ ತಾಗುತ್ತದೆ. ಪಂಜರದ ಕ್ಯಾನರಿ ಹಕ್ಕಿ ಹೀಗೆ ಗಣಿಗಾರರ ಸಂಗಾತಿಯಾಯಿತು. ಬ್ರಿಟನ್ನಿನ ಗಣಿಗಳಿಂದ ಅದಕ್ಕೆ ನಿವೃತ್ತಿ ಸಿಕ್ಕಿದ್ದು 1986ರಲ್ಲಿ.

ಚೇಂಬರಿನ ಹುಡುಗನಿಗೂ ಈ ಕಥೆಗೂ ಏನು ಸಂಬಂಧವೆಂದು ಕೇಳಬಹುದು. ಚೇಂಬರಿಗೆ ಗಾಳಿ ತುಂಬುವುದು ಕಂಪ್ರೆಸರ್. ಅದು ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿ ಜನರೇಟರಿನ ಹೊಗೆಯ ಹತ್ತಿರವೋ ಆಂಬುಲೆನ್ಸ್ ನಿಲ್ಲುವ ಜಾಗದಲ್ಲೋ ಇದ್ದರೆ, ಅಥವಾ ಕಂಪ್ರೆಸರಿನ ಎಣ್ಣೆ ಕಾದು ಸುಟ್ಟರೆ, ಮಾನಾಕ್ಸೈಡು ಒಳಗೆ ಬರುತ್ತದೆ. ರೋಗಿಗೆ ಮಾಸ್ಕಿನಲ್ಲಿ ಬೇರೆ ಆಮ್ಲಜನಕವಿದೆ. ಆ ಗಾಳಿಯನ್ನು ಕುಡಿಯುವವನು ಅಟೆಂಡೆಂಟ್ ಒಬ್ಬನೇ. ಕೊಳವೆಯ ಬಾಯಿ ಎಲ್ಲಿದೆ ಎಂದು ಹೋದ ಕೂಡಲೇ ನೋಡು ಎಂದು ನಾನು ಅವನಿಗೆ ಹೇಳಿದ ಮೊದಲ ಮಾತು ಅದೇ.

ಮುಂದಿನ ಹತ್ತು ವರ್ಷ ಹಾಲ್ಡೇನರು ಗಣಿಯಿಂದ ಗಣಿಗೆ ಇಳಿದರು. ಕಾರ್ನ್‌ವಾಲಿನ ತವರದ ಗಣಿಗಳಲ್ಲಿ ಬಂಡೆ ಕೊರೆಯುವವರು ಚಿಕ್ಕ ವಯಸ್ಸಿಗೇ ಎದೆಯ ಕಾಯಿಲೆಯಿಂದ ಸಾಯುತ್ತಿದ್ದರು. ಅವರಲ್ಲಿ ಹಲವರು ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ದುಡಿದು ಬಂದವರು. ಯಂತ್ರದ ಕೊರೆಯುಳಿಯಿಂದ ಏಳುವ ಕಲ್ಲಿನ ದೂಳೇ ಇದಕ್ಕೆ ಮೂಲವೆಂದು 1904ರ ವರದಿಯಲ್ಲಿ ಹಾಲ್ಡೇನರು ಮತ್ತು ಅವರ ಜೊತೆಗಾರರು ತೋರಿಸಿದರು. ಕೊರೆಯುವ ಜಾಗಕ್ಕೆ ನೀರು ಚಿಮ್ಮಿಸಿ ದೂಳನ್ನು ಅಡಗಿಸಬೇಕೆಂದರು. ನಮ್ಮ ಕೋಲಾರದ ಗಣಿಗಳಲ್ಲಿ ಸಿಲಿಕೋಸಿಸ್ ಎಂದು ಹೆಸರಾದ ಕಾಯಿಲೆ ಇದೇ. ನನ್ನ ಶಿಷ್ಯನ ತಾತ ಆ ವರದಿಯ ಹೆಸರು ಕೇಳಿರಲಿಕ್ಕಿಲ್ಲ. ಅವರ ಎದೆಗೂಡಿನಲ್ಲಿ ಮಾತ್ರ ಅದರ ಪ್ರತಿಯೊಂದು ಪುಟವೂ ಇತ್ತು.

ಮಗ ಜಾನ್ ಬರ್ಡನ್ ಸ್ಯಾಂಡರ್ಸನ್, ಮನೆಯಲ್ಲಿ ಎಲ್ಲರಿಗೂ ಜ್ಯಾಕ್, ಹುಟ್ಟಿದ್ದು 1892ರಲ್ಲಿ. ಮಗಳು ನಯೋಮಿ ಮುಂದೆ ಹೆಸರಾಂತ ಕಾದಂಬರಿಕಾರ್ತಿಯಾದಳು. ತಂದೆ ಜ್ಯಾಕನನ್ನು ಪುಟ್ಟ ವಯಸ್ಸಿನಲ್ಲೇ ಗಣಿಗೆ ಕರೆದುಕೊಂಡು ಹೋಗಿ, ಮೇಲ್ಛಾವಣಿ ಹತ್ತಿರವಿದ್ದ ಜಾಗದಲ್ಲಿ ನಿಲ್ಲಿಸಿ ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಲ್ಲಿ ಮಾರ್ಕ್ ಆಂಟನಿ ಮಾಡುವ ಭಾಷಣವನ್ನು ಒಪ್ಪಿಸಲು ಹೇಳಿದರು. ಸ್ವಲ್ಪ ಹೊತ್ತಿಗೆ ಹುಡುಗನಿಗೆ ಏದುಸಿರು ಬಂದು ಕಾಲು ಸೋತು ಕುಸಿದ. ನೆಲದ ಮಟ್ಟದಲ್ಲಿ ಗಾಳಿ ಚೆನ್ನಾಗಿತ್ತು, ಎದ್ದು ಕುಳಿತ. ಮೀಥೇನ್ ಗಾಳಿಗಿಂತ ಹಗುರ, ಮೇಲೆ ನಿಲ್ಲುತ್ತದೆ ಎಂಬ ಪಾಠವನ್ನು ಆ ಹುಡುಗ ಜನ್ಮದಲ್ಲಿ ಮರೆಯಲಿಲ್ಲ. ಈಗ ಯಾವ ಮೇಷ್ಟ್ರಾದರೂ ಹಾಗೆ ಮಾಡಿದರೆ ಮಾರನೆಯ ದಿನವೇ ಬಿ.ಇ.ಒ. ಕಚೇರಿಯಿಂದ ನೋಟೀಸು ಬರುತ್ತದೆ, ಬರಬೇಕಾದದ್ದೂ ನ್ಯಾಯ.

1905ರಲ್ಲಿ ಹಾಲ್ಡೇನರೂ ಪ್ರೀಸ್ಟ್ಲಿ ಎಂಬ ಕಿರಿಯರೂ ಸೇರಿ ಉಸಿರಾಟದ ಮೂಲ ಗುಟ್ಟೊಂದನ್ನು ಬಿಡಿಸಿದರು. ನಾವು ಎಷ್ಟು ಜೋರಾಗಿ ಉಸಿರಾಡಬೇಕೆಂಬುದನ್ನು ಸಾಮಾನ್ಯವಾಗಿ ತೀರ್ಮಾನಿಸುವುದು ಆಮ್ಲಜನಕದ ಕೊರತೆಯಲ್ಲ, ಶ್ವಾಸಕೋಶದ ಗಾಳಿಗೂಡುಗಳಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ. ಬೆನ್ ನೆವಿಸ್ ಬೆಟ್ಟದ ತುದಿಯಲ್ಲಿ, ಡೋಲ್ಕೋತ್ ಗಣಿಯ ಆಳದಲ್ಲಿ, ಎಲ್ಲಿ ಅಳೆದರೂ ಅದರ ಶೇಕಡಾ ಪ್ರಮಾಣ ಬದಲಾಗುತ್ತಿತ್ತು, ಒತ್ತಡ ಮಾತ್ರ ಹೆಚ್ಚುಕಡಿಮೆ ಒಂದೇ. ಶೇಕಡಾ ಎಷ್ಟು ಎನ್ನುವುದು ಮುಖ್ಯವಲ್ಲ, ಒತ್ತಡ ಎಷ್ಟು ಎನ್ನುವುದು ಮುಖ್ಯ. ಒಣಗಿದ ವಾಕ್ಯದಂತೆ ಕಾಣುವ ಇದೇ ಸಂಗತಿ ಮರುವರ್ಷ ಮುಳುಗುಗಾರರ ಪ್ರಾಣ ಉಳಿಸಲು ನೆರವಾಯಿತು.

ಬ್ರಿಟಿಷ್ ನೌಕಾಪಡೆಯ ಮುಳುಗುಗಾರರು ತಾಮ್ರದ ಟೋಪಿ ಹಾಕಿಕೊಂಡು ಆಳಕ್ಕೆ ಇಳಿದರೆ ಸ್ವಲ್ಪ ಹೊತ್ತಿಗೇ ಬಳಲಿ, ಪ್ರಜ್ಞೆ ತಪ್ಪುವಂತಾಗುತ್ತಿತ್ತು. ನೀರಿನ ಒತ್ತಡವೇ ಕಾರಣವೆಂದು ಎಲ್ಲರೂ ನಂಬಿದ್ದರು. ಹಾಲ್ಡೇನರು ಟೋಪಿಯೊಳಗಿನ ಗಾಳಿಯನ್ನು ಅಳೆದರು. ಮೇಲಿನಿಂದ ಪಂಪು ಮಾಡುತ್ತಿದ್ದ ಗಾಳಿ ಸಾಲದೆ ಇಂಗಾಲದ ಡೈಆಕ್ಸೈಡ್ ಅಲ್ಲಿ ಕೂಡಿಕೊಳ್ಳುತ್ತಿತ್ತು. ಆಳ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಗಾಳಿಯನ್ನೂ ಹೆಚ್ಚಿಸಬೇಕು ಎಂದರು. ಅಷ್ಟು ಮಾಡಿದ ಮೇಲೆ ಬಳಲಿಕೆ ನಿಂತಿತು. ಚೇಂಬರಿಗೆ ಇದನ್ನು ಹೀಗೆ ಅನ್ವಯಿಸಬಹುದು. ಒಳಗಿನ ಗಾಳಿ ಸರಿಯಾಗಿ ಬದಲಾಗದೆ ಇಂಗಾಲದ ಡೈಆಕ್ಸೈಡ್ ಶೇಕಡಾ 1 ಆಯಿತೆಂದುಕೊಳ್ಳಿ. ಹೊರಗಾದರೆ ಅಷ್ಟೇನೂ ತೊಂದರೆಯಿಲ್ಲ. ಆದರೆ 2.4 ವಾಯುಭಾರದ ಒಳಗೆ ಅದು ದೇಹಕ್ಕೆ ಶೇಕಡಾ 2.4ರಷ್ಟು ಇದ್ದಂತೆ. ಜೊತೆಗೆ ಅಲ್ಲಿನ ಗಾಳಿಯ ಸಾಂದ್ರತೆಯೂ 2.4 ಪಟ್ಟು, ಪ್ರತಿ ಉಸಿರನ್ನೂ ಎಳೆಯಲು ಎದೆ ಹೆಚ್ಚು ದುಡಿಯಬೇಕು. ಸಂಜೆ ಹೊರಗೆ ಬಂದಾಗ ವಿನಾಕಾರಣ ಸುಸ್ತು, ತಲೆ ಭಾರ ಎನ್ನುತ್ತಿದ್ದ ನನ್ನ ಶಿಷ್ಯ ಈ ಲೆಕ್ಕ ಹೇಳಿದಾಗ ಸುಮ್ಮನಾಗಿಬಿಟ್ಟ.

ಈಗ ಅವರ ಅತಿ ಪ್ರಸಿದ್ಧ ಕೆಲಸಕ್ಕೆ ಬರೋಣ. ಒತ್ತಡದ ಗಾಳಿಯಲ್ಲಿ ದುಡಿದು ಹೊರಬಂದವರಿಗೆ ಕೀಲುನೋವು, ಪಾರ್ಶ್ವವಾಯು, ಒಮ್ಮೊಮ್ಮೆ ಸಾವು ಬರುವುದು ಸೇತುವೆ ಕಟ್ಟುವವರಿಗೆ ಹತ್ತೊಂಬತ್ತನೆಯ ಶತಮಾನದಲ್ಲೇ ಗೊತ್ತಿತ್ತು. ಅದಕ್ಕೆ ಬೆಂಡ್ಸ್ ಎಂದು ಹೆಸರು. ಒತ್ತಡದಲ್ಲಿ ಸಾರಜನಕ ರಕ್ತಮಾಂಸಗಳಲ್ಲಿ ಕರಗಿ ಕೂರುತ್ತದೆ, ಒತ್ತಡ ತಟ್ಟನೆ ಇಳಿದರೆ ಗುಳ್ಳೆಯಾಗಿ ಏಳುತ್ತದೆ ಎಂದು ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ತೋರಿಸಿದ್ದರು. ಗೋಲಿ ಸೋಡಾದ ಗೋಲಿ ಒತ್ತಿದಾಗ ಬುಸ್ ಎನ್ನುತ್ತದಲ್ಲ, ಅದೇ. ಹಾಗಾದರೆ ಎಷ್ಟು ನಿಧಾನವಾಗಿ ಮೇಲೆ ಬರಬೇಕು? ಅದಕ್ಕೆ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಹಾಲ್ಡೇನರು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಉಕ್ಕಿನ ಚೇಂಬರಿನಲ್ಲಿ ಮೇಕೆಗಳನ್ನಿಟ್ಟು ನೂರಾರು ಸಲ ಒತ್ತಡ ಏರಿಸಿ ಇಳಿಸಿದರು. ನೋವು ಬಂದ ಮೇಕೆ ಮುಂಗಾಲನ್ನು ಮಡಿಸಿ ಎತ್ತಿ ನಿಲ್ಲುತ್ತಿತ್ತು. ಅದೇ ಗುರುತು. ಮೇಕೆ ಕಾಯ್ದು ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಆ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಒಟ್ಟು ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ, ಉದಾಹರಣೆಗೆ ಎರಡು ವಾಯುಭಾರದಿಂದ ಒಂದಕ್ಕೆ, ಗುಳ್ಳೆ ಏಳುವುದಿಲ್ಲ. ಅದಕ್ಕಿಂತ ಹೆಚ್ಚಿಗೆ ಒಮ್ಮೆಲೇ ಇಳಿಸಬಾರದು ಎಂದು ಅವರು ಕಂಡುಕೊಂಡರು. ಆದ್ದರಿಂದ ಬೇಗ ಅರ್ಧದಷ್ಟು ಏರಿ, ಅಲ್ಲಿ ನಿಂತು, ಮತ್ತೆ ಸ್ವಲ್ಪ ಏರಿ, ಮತ್ತೆ ನಿಲ್ಲಬೇಕು. ಮೆಟ್ಟಿಲು ಹತ್ತುವ ಮುದುಕರಂತೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. 1906ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಬ್ಯೂಟ್ ದ್ವೀಪದ ಬಳಿ ಡಾಮಂಟ್ ಮತ್ತು ಕ್ಯಾಟೋ ಎಂಬ ನೌಕಾಪಡೆಯವರು ಈ ಲೆಕ್ಕವನ್ನು ನಂಬಿ 210 ಅಡಿ, ಸುಮಾರು 64 ಮೀಟರ್ ಆಳಕ್ಕೆ ಇಳಿದು ಕ್ಷೇಮವಾಗಿ ಮೇಲೆ ಬಂದರು. ಹದಿಮೂರು ವರ್ಷದ ಜ್ಯಾಕನೂ ಅಲ್ಲೇ ಇದ್ದ. ಅವನನ್ನೂ ದೊಡ್ಡವರ ದಿರಿಸಿನಲ್ಲಿ ನೀರಿಗೆ ಇಳಿಸಿದರು. ಮಣಿಕಟ್ಟು ಸಣ್ಣದಾದ್ದರಿಂದ ದಿರಿಸಿನೊಳಗೆ ನೀರು ನುಗ್ಗಿ, ನಡುಗುತ್ತಾ ಮೇಲೆ ಬಂದ. ಬಾಯ್ಕಾಟ್, ಡಾಮಂಟ್, ಹಾಲ್ಡೇನ್ ಮೂವರ ಹೆಸರಿನಲ್ಲಿ 1908ರಲ್ಲಿ ಈ ಕೋಷ್ಟಕಗಳು ಅಚ್ಚಾದವು. ಆಮೇಲೆ ಬಂದವರು ಆ ಅಂಕಿಗಳನ್ನು ತಿದ್ದಿದ್ದಾರೆ, ದೀರ್ಘ ಮುಳುಗಿಗೆ ಅವು ಸಾಲದೆಂದು ತೋರಿಸಿದ್ದಾರೆ. ನಿಂತು ನಿಂತು ಏರುವ ಕ್ರಮ ಮಾತ್ರ ಹಾಗೇ ಉಳಿದಿದೆ.

ನಮ್ಮ ಚೇಂಬರಿಗೆ ಈ ಲೆಕ್ಕ ಹಾಕಿ ನೋಡಿ. ಒಳಗೆ 2.4 ವಾಯುಭಾರ, ಹೊರಗೆ 1. ಅರ್ಧಕ್ಕಿಂತ ಹೆಚ್ಚಿನ ಇಳಿತ. ರೋಗಿಗೆ ಅಷ್ಟು ಚಿಂತೆಯಿಲ್ಲ, ಅವನು ಹೆಚ್ಚು ಹೊತ್ತು ಕುಡಿದದ್ದು ಆಮ್ಲಜನಕವನ್ನು. ಒಂದೂವರೆ ಗಂಟೆ ಅವನಿಗೆ ಮಾಸ್ಕು ಸರಿಪಡಿಸುತ್ತಾ, ನೀರು ಕೊಡುತ್ತಾ, ಮಾಮೂಲಿ ಗಾಳಿ ಕುಡಿಯುತ್ತಾ ಕುಳಿತ ಅಟೆಂಡೆಂಟಿನ ಮೈಯಲ್ಲೇ ಸಾರಜನಕ ತುಂಬಿರುವುದು. ಚಿಕಿತ್ಸೆ ರೋಗಿಗೆ, ಬೆಂಡ್ಸ್ ಅಪಾಯ ಜೊತೆಗಿದ್ದವನಿಗೆ. ಅದಕ್ಕೇ ಹೊರಬರುವ ಮುಂಚೆ ಅವನೂ ಕೆಲವು ನಿಮಿಷ ಮಾಸ್ಕು ಹಾಕಿ ಆಮ್ಲಜನಕ ಎಳೆದು ಸಾರಜನಕವನ್ನು ತೊಳೆದುಕೊಳ್ಳಬೇಕು. ಮುಂದಿನ ರೋಗಿಗಳು ಕಾಯುತ್ತಿದ್ದಾರೆಂದು ಆ ನಿಮಿಷಗಳನ್ನು ಕತ್ತರಿಸುವುದೂ, ಒಂದೇ ದಿನ ಅವನನ್ನೇ ಎರಡನೆಯ ಬಾರಿ ಒಳಗೆ ಕಳಿಸುವುದೂ ನಡೆಯುತ್ತದೆಯೆಂದು ಅವನು ಹೇಳಿದಾಗ ನನಗೆ ಮೇಕೆಯ ಮಡಿಸಿದ ಕಾಲು ಕಣ್ಣಮುಂದೆ ಬಂತು.

ಹಾಗೆಂದು ಆಮ್ಲಜನಕವನ್ನು ಬೇಕಾದಷ್ಟು ಕುಡಿಯಬಹುದೆಂದಲ್ಲ. ಇಲ್ಲಿ ಲಾರೇನ್ ಸ್ಮಿತ್ ಮತ್ತೆ ಬರುತ್ತಾರೆ. ಹೆಚ್ಚಿನ ಒತ್ತಡದ ಆಮ್ಲಜನಕವನ್ನು ಬಹಳ ಹೊತ್ತು ಉಸಿರಾಡಿದ ಪ್ರಾಣಿಗಳ ಶ್ವಾಸಕೋಶ ನ್ಯುಮೋನಿಯ ಬಂದಂತೆ ಊದಿಕೊಳ್ಳುತ್ತದೆ ಎಂದು ಅವರು 1899ರಲ್ಲೇ ತೋರಿಸಿದ್ದರು. ಮನುಷ್ಯನಿಗೆ ಮೊದಲು ಎದೆಯ ಮೂಳೆಯ ಹಿಂದೆ ಉರಿ, ಒಣಕೆಮ್ಮು. ಆಮೇಲೆ ತುಂಬ ಉಸಿರೆಳೆಯಲು ಆಗದಿರುವುದು. ಅಟೆಂಡೆಂಟ್ ಎಳೆಯುವ ಕೆಲವು ನಿಮಿಷಗಳ ಆಮ್ಲಜನಕಕ್ಕೆ ಹೀಗಾಗುವುದಿಲ್ಲ. ಇನ್ನೊಂದು ಅಪಾಯ ನನ್ನ ಸೈಕಲ್ ಪಂಪಿನದೇ: ಒತ್ತಡ ಇಳಿಯುವಾಗ ಉಸಿರು ಬಿಗಿಹಿಡಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ನೆಗಡಿ, ಕೆಮ್ಮು, ಉಬ್ಬಸ ಇರುವವರು ಒಳಗೆ ಹೋಗಬಾರದೆನ್ನುವುದು ಅದಕ್ಕೇ. ವರ್ಷಗಟ್ಟಲೆ ಒಳಗೆ ದುಡಿದ ಸಿಬ್ಬಂದಿಯ ಉಸಿರನ್ನು ಅಳೆದ ಕೆಲವು ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ಕುಸಿತ ಕಂಡಿಲ್ಲ ಎಂಬ ಸಮಾಧಾನದ ಮಾತನ್ನೂ ಅವನಿಗೆ ಹೇಳಿದೆ. ಅವರೆಲ್ಲ ನಿಯಮ ಪಾಲಿಸುವ, ಅಳೆದು ಬರೆದಿಡುವ ಕಡೆ ದುಡಿದವರು ಎಂಬುದನ್ನೂ ಸೇರಿಸಿದೆ.

1911ರಲ್ಲಿ ಹಾಲ್ಡೇನರು ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ಮೇಲೆ ವಾರಗಟ್ಟಲೆ ಇದ್ದು ತೆಳುಗಾಳಿಯ ಪರಿಣಾಮ ನೋಡಿದರು. 1915ರ ಏಪ್ರಿಲ್‌ನಲ್ಲಿ ಜರ್ಮನರು ಈಪ್ರ್ ಬಳಿ ಕ್ಲೋರಿನ್ ಅನಿಲ ಬಿಟ್ಟಾಗ ಸರ್ಕಾರ ಅವರನ್ನು ಫ್ರಾನ್ಸಿಗೆ ಕಳಿಸಿತು. ಗಾಜಿನ ಕಿಟಕಿಯ ಕೋಣೆಯಲ್ಲಿ ಕ್ಲೋರಿನ್ ತುಂಬಿ, ತಾವೂ ಜೊತೆಗಾರರೂ ಒಳಗೆ ಹೋಗಿ ಮುಖವಾಡಗಳನ್ನು ಪರೀಕ್ಷಿಸಿದರು. ಯುದ್ಧರಂಗದಲ್ಲಿದ್ದ ಜ್ಯಾಕನನ್ನೂ ಅದಕ್ಕಾಗಿ ಕರೆಸಿಕೊಂಡರು. ಅನಿಲ ತಾಗಿದ ಸೈನಿಕರಿಗೆ ಅಳತೆಯಿಟ್ಟು ಆಮ್ಲಜನಕ ಕೊಡುವ ಕ್ರಮವನ್ನು 1917ರಲ್ಲಿ ಪ್ರಕಟಿಸಿದರು. ಇಂದು ಪ್ರತಿ ಆಸ್ಪತ್ರೆಯ ಹಾಸಿಗೆಯ ಪಕ್ಕ ನಾವು ಕಾಣುವ ಮಾಸ್ಕಿನ ಹಿರಿಯರಲ್ಲಿ ಅದೂ ಒಂದು.

ಅವರು ತಪ್ಪೇ ಮಾಡಲಿಲ್ಲವೆಂದು ಬರೆದರೆ ಅದು ಅವರಿಗೇ ಒಪ್ಪಿಗೆಯಾಗದು. ಶ್ವಾಸಕೋಶ ಆಮ್ಲಜನಕವನ್ನು ತಾನಾಗಿಯೇ ರಕ್ತಕ್ಕೆ ಸ್ರವಿಸುತ್ತದೆ ಎಂದು ಕೊನೆಯವರೆಗೂ ಹಟ ಹಿಡಿದರು. ಹಾಗಿಲ್ಲವೆಂದು ಇತರರು ಆಗಲೇ ತೋರಿಸಿದ್ದರು. ಅದು ಪುಸ್ತಕದ ತಪ್ಪು, ಅದರಿಂದ ಯಾರೂ ಸಾಯಲಿಲ್ಲ. ಇನ್ನೊಂದು ಹಾಗಲ್ಲ. ಕಲ್ಲಿನ ದೂಳು ಕೊಲ್ಲುತ್ತದೆಂದು ತೋರಿಸಿದ ಅವರೇ ಕಲ್ಲಿದ್ದಲಿನ ದೂಳಿನಿಂದ ಅಪಾಯವಿಲ್ಲವೆಂದು ನಂಬಿದ್ದರು, ಹಾಗೆಂದು ಬರೆದರು. ಗಣಿ ಎಂಜಿನಿಯರುಗಳ ಸಂಸ್ಥೆಗೆ ಅಧ್ಯಕ್ಷರಾಗಿದ್ದವರ ಮಾತಿಗೆ ತೂಕವಿತ್ತು. ಅವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ, 1940ರ ದಶಕದಲ್ಲಿ, ದಕ್ಷಿಣ ವೇಲ್ಸಿನ ಕಾರ್ಮಿಕರ ಎದೆಗಳನ್ನು ಎಕ್ಸ್‌ರೇ ಮಾಡಿ ನೋಡಿದಾಗ ಕಲ್ಲಿದ್ದಲಿನ ದೂಳೂ ಶ್ವಾಸಕೋಶವನ್ನು ಕೆಡಿಸುವುದು ಸಿದ್ಧವಾಯಿತು. ಅಷ್ಟರಲ್ಲಿ ಎಷ್ಟು ಜನರ ಎದೆ ಕಪ್ಪಾಗಿತ್ತೋ! ಇಷ್ಟೆಲ್ಲ ಅಳೆದ ಮನುಷ್ಯ ಇದೊಂದನ್ನು ಅಳೆಯದೆ ನಂಬಿದರಲ್ಲ ಎಂದು ನನಗೆ ಈಗಲೂ ಕೆಡುಕೆನಿಸುತ್ತದೆ.

1934ರಲ್ಲಿ ಅವರಿಗೆ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಬಂತು. ಎಪ್ಪತ್ತೈದು ದಾಟಿದ ಮೇಲೂ, ತೈಲ ಶುದ್ಧೀಕರಣ ಘಟಕಗಳಲ್ಲಿ ಕೂಲಿಗಳಿಗೆ ಬಿಸಿಲ ಹೊಡೆತ ತಗಲುತ್ತಿದೆಯೆಂದು ಪರ್ಷಿಯ, ಇರಾಕುಗಳಿಗೆ ಹೋಗಿ ನೋಡಿಕೊಂಡು ಬಂದರು. ಆ ಪ್ರಯಾಣದಿಂದ ಮರಳಿ ಬಂದವರಿಗೆ ನ್ಯುಮೋನಿಯ ಹಿಡಿಯಿತು. 1936ರ ಮಾರ್ಚ್ 14ರ ನಡುರಾತ್ರಿಯ ಹೊತ್ತಿಗೆ ಆಕ್ಸ್‌ಫರ್ಡಿನ ಮನೆಯಲ್ಲಿ ತೀರಿಕೊಂಡರು.

ಮಗ ಜ್ಯಾಕ್, ಜೆ.ಬಿ.ಎಸ್. ಹಾಲ್ಡೇನ್ ಎಂದು ತಂದೆಗಿಂತ ಹೆಸರಾದರು. 1939ರಲ್ಲಿ ಥೀಟಿಸ್ ಎಂಬ ಸಬ್‌ಮರೀನು ಮುಳುಗಿ 99 ಜನ ಸತ್ತಾಗ, ಅವರು ತಂದೆಯಂತೆಯೇ ಉಕ್ಕಿನ ಚೇಂಬರಿನಲ್ಲಿ ಕುಳಿತು, ಕೆಟ್ಟ ಗಾಳಿಯಲ್ಲಿ ಮನುಷ್ಯನಿಗೆ ಏನಾಗುತ್ತದೆಂದು ನೋಡಿದರು. ಮುಂದಿನ ಪ್ರಯೋಗಗಳಲ್ಲಿ ಒತ್ತಡದ ಆಮ್ಲಜನಕದಿಂದ ಸೆಳವು ಬಂದು ಬೆನ್ನೆಲುಬಿಗೆ ಪೆಟ್ಟಾಯಿತು. ಆ ನೋವು ಕೊನೆಯವರೆಗೂ ಹೋಗಲಿಲ್ಲ. 1957ರಲ್ಲಿ ಅವರು ನಮ್ಮ ದೇಶಕ್ಕೇ ಬಂದು ನೆಲೆಸಿದರು, ಭಾರತದ ಪೌರತ್ವ ಪಡೆದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ವಿದ್ಯಾರ್ಥಿಗಳ ಕಲಿಕೆಗೆ ಕೊಟ್ಟರು.

ನನ್ನ ಶಿಷ್ಯನಿಗೆ ಇದನ್ನೆಲ್ಲ ಎರಡು ಭಾನುವಾರ ಕೂತು ಹೇಳಿದೆ. ಕೆಲಸಕ್ಕೆ ಮರಳಿದ ಮೇಲೆ ಅವನು ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತಂದು ದಿನಾಂಕ, ಒಳಗಿದ್ದ ನಿಮಿಷ, ಏರಿಸಿದ ಒತ್ತಡ, ಹೊರಬರುವ ಮುಂಚೆ ಎಳೆದ ಆಮ್ಲಜನಕದ ನಿಮಿಷ ಎಂದು ಗೆರೆ ಹಾಕಿ ಬರೆಯತೊಡಗಿದ್ದಾನೆ. ಅದನ್ನು ನೋಡಿ ಜೊತೆಯ ಇನ್ನಿಬ್ಬರೂ ಶುರುಮಾಡಿದ್ದಾರಂತೆ. ವರ್ಷಕ್ಕೊಮ್ಮೆ ಎಲ್ಲ ಸಿಬ್ಬಂದಿಗೂ ಉಸಿರು ಊದಿಸಿ ಅಳೆಯುವ ಪರೀಕ್ಷೆ ಮಾಡಿಸಬೇಕೆಂದು ಮೂವರೂ ಸಹಿ ಹಾಕಿ ಅರ್ಜಿ ಕೊಟ್ಟಿದ್ದಾರೆ. ಕಂಪ್ರೆಸರಿನ ಕೊಳವೆಯ ಬಾಯಿ ಕಟ್ಟಡದ ಹಿಂದೆ, ಜನರೇಟರಿನಿಂದ ಹತ್ತು ಹೆಜ್ಜೆ ದೂರದಲ್ಲಿದೆಯಂತೆ. ಅದನ್ನು ಮಹಡಿಯ ಮೇಲಕ್ಕೆ ಏರಿಸುವ ಮಾತು ನಡೆದಿದೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದ. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ.